ಇಪ್ಪತ್ತು ಸಾವಿರದ ಸೈಕಲ್ಲಿಗೆ ಶಾಕ್ ಯಾಕೆ?

ಕಳೆದ ತಿಂಗಳು ಮಾಗಡಿಯಿಂದ ಭಾವ ಫೋನು ಮಾಡಿದ್ದರು. ‘ನೋಡಯ್ಯ, ನಿನ್ನ ಅಳಿಯನಿಗೆ ಸೈಕಲ್ ಬೇಕಂತೆ. ಕಾಲೇಜಿಗೆ ಹೋಗೋದಕ್ಕಲ್ಲ, ಸಾವನದುರ್ಗದ ಕಡೆ ಮಣ್ಣುದಾರೀಲಿ ಓಡಿಸೋದಕ್ಕಂತೆ. ಇಪ್ಪತ್ತು ಸಾವಿರ ಎತ್ತಿಟ್ಟಿದೀನಿ, ಅದರ ಮೇಲೆ ಒಂದು ರೂಪಾಯೂ ಇಲ್ಲ. ನೀನು ಸೈಕಲ್ ತಗೊಂಡು ಗುಡ್ಡ ಸುತ್ತೋನಲ್ವ, ಬಂದು ಕೊಡಿಸಿ ಹೋಗು.’ ಭಾವನದು ಸಣ್ಣ ದಿನಸಿ ಅಂಗಡಿ. ಅಲ್ಲಿ ಇಪ್ಪತ್ತು ಸಾವಿರ ಎತ್ತಿಡುವುದೆಂದರೆ ಎಷ್ಟು ತಿಂಗಳ ಮಾತು ಎನ್ನುವುದು ನನಗೆ ಗೊತ್ತು. ಮಗನ ಫೀಸಿಗಲ್ಲ, ಮನೆಯ ರಿಪೇರಿಗಲ್ಲ, ಮಗನ ಮಜಾಕ್ಕೆಂದು ಅವರು ಎತ್ತಿಟ್ಟ ಮೊದಲ ದುಡ್ಡು ಅದು.

ಅಂಗಡಿಗೆ ಹೋದೆವು. ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗು ಇರುವ, ಮೈಮೇಲೆಲ್ಲ ಬೆಂಕಿಯ ಸ್ಟಿಕ್ಕರು ಅಂಟಿಸಿಕೊಂಡ ಒಂದು ಸೈಕಲ್ಲಿನ ಮುಂದೆ ಹುಡುಗ ನೇರವಾಗಿ ಹೋಗಿ ನಿಂತ. ಅಂಗಡಿಯವರು ಹ್ಯಾಂಡಲ್ ಹಿಡಿದು ಎರಡು ಸಲ ಒತ್ತಿ ತೋರಿಸಿದರು. ಫೋರ್ಕು ಕೆಳಗಿಳಿದು ಚಂಗನೆ ಮೇಲೆ ಬಂತು. ‘ನೋಡಿ ಸರ್, ಡಬಲ್ ಸಸ್ಪೆನ್ಶನ್ನು. ಇಪ್ಪತ್ತೊಂದು ಗೇರು, ಎರಡೂ ಕಡೆ ಡಿಸ್ಕು. ಬೆಟ್ಟಕ್ಕೆ ಅಂದ್ರೆ ಇದೇ.’ ಭಾವನ ಮುಖ ಅರಳಿತು. ಕೊಡುವ ದುಡ್ಡಿಗೆ ಕಣ್ಣಿಗೆ ಕಾಣುವಂಥದ್ದು ಇಷ್ಟೊಂದು ಸಿಗುತ್ತಿದೆಯಲ್ಲ ಎಂಬ ಸಮಾಧಾನ. ನಾನು ‘ಬೇಡ’ ಅಂದೆ. ಮೂವರೂ ನನ್ನನ್ನು ಹೊರಡುವ ಹೊತ್ತಿಗೆ ಸೀನಿದವನನ್ನು ನೋಡುವ ಹಾಗೆ ನೋಡಿದರು.

ಆ ‘ಬೇಡ’ವನ್ನು ವಿವರಿಸುವುದಕ್ಕೇ ಈ ಬರಹ. ನನ್ನ ವಾದ ಇಷ್ಟೇ. ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ, ಕಾಡುದಾರಿಯಲ್ಲಿ ಮಜಾ ಕೊಡುವ ಸೈಕಲ್ ಬೇಕು ಅನ್ನುವವರು ಮೊದಲು ಬೇಡ ಅನ್ನಬೇಕಾದದ್ದು ಆ ಸ್ಪ್ರಿಂಗನ್ನು. ಆ ಬೆಲೆಯ ಹೊಸ ಸೈಕಲ್ಲಿನಲ್ಲಿ ಸಿಗುವುದು ಬಹುಮಟ್ಟಿಗೆ ಶಾಕ್ ಅಬ್ಸಾರ್ಬರ್ ಅಲ್ಲ, ಅದರ ವೇಷ. ಆ ವೇಷಕ್ಕೆ ಕೊಟ್ಟ ದುಡ್ಡು ಆಕಾಶದಿಂದ ಬಂದದ್ದಲ್ಲ. ಬ್ರೇಕಿನಿಂದ, ಟೈರಿನಿಂದ, ಗಾಲಿಯಿಂದ ಕಿತ್ತು ತಂದದ್ದು.

ಸ್ಪ್ರಿಂಗಿನ ಕೆಲಸ ಅರ್ಧ ಮಾತ್ರ ಎನ್ನುವುದನ್ನು ಯಾವ ಅಂಗಡಿಯೂ ಹೇಳುವುದಿಲ್ಲ. ಹಳೆಯ ಹೋಟೆಲುಗಳಲ್ಲಿ ಸ್ಪ್ರಿಂಗ್ ಬಾಗಿಲು ಇರುತ್ತಿತ್ತು, ನೆನಪಿದೆಯೇ? ತಳ್ಳಿ ಒಳಗೆ ಹೋದರೆ ವಾಪಸು ಬಂದು ಹಿಂದಿನವನ ಮೂಗಿಗೆ ಬಡಿಯುತ್ತಿತ್ತು. ಈಗ ಬ್ಯಾಂಕಿನ ಬಾಗಿಲ ಮೇಲ್ಗಡೆ ಒಂದು ಡಬ್ಬಿಯಿರುತ್ತದೆ. ಅದರಲ್ಲೂ ಸ್ಪ್ರಿಂಗು ಇದೆ, ಜೊತೆಗೆ ಎಣ್ಣೆಯೂ ಇದೆ. ಎಣ್ಣೆ ಸಣ್ಣ ತೂತಿನಲ್ಲಿ ನುಸುಳಿಕೊಂಡು ಹೋಗಬೇಕಾದ್ದರಿಂದ ಬಾಗಿಲು ನಿಧಾನಕ್ಕೆ, ಮರ್ಯಾದೆಯಿಂದ ಮುಚ್ಚಿಕೊಳ್ಳುತ್ತದೆ. ಒಳ್ಳೆಯ ಸೈಕಲ್ ಫೋರ್ಕಿನಲ್ಲಿ ಇರುವುದೂ ಇದೇ. ಕಲ್ಲಿನ ಹೊಡೆತವನ್ನು ಸ್ಪ್ರಿಂಗೋ, ಒತ್ತಿದ ಗಾಳಿಯೋ ತೆಗೆದುಕೊಳ್ಳುತ್ತದೆ, ಎಣ್ಣೆ ಆ ಶಕ್ತಿಯನ್ನು ಬಿಸಿಯಾಗಿಸಿ ಕರಗಿಸುತ್ತದೆ. ಅಗ್ಗದ ಫೋರ್ಕಿನಲ್ಲಿ ಎಣ್ಣೆಯ ಕೆಲಸವೇ ಇಲ್ಲ. ಕಲ್ಲು ಕೊಟ್ಟ ಪೆಟ್ಟನ್ನು ಸ್ಪ್ರಿಂಗು ಇಸಿದುಕೊಂಡು, ಮುಂದಿನ ಕಲ್ಲು ಬರುವಷ್ಟರಲ್ಲಿ ಬಡ್ಡಿಯಿಲ್ಲದೆ ಸವಾರನ ಕೈಗೆ ಹಿಂತಿರುಗಿಸುತ್ತದೆ. ಅಂಗಡಿಯವರು ಒತ್ತಿ ತೋರಿಸಿದಾಗ ಚಂಗನೆ ಮೇಲೆ ಬಂತಲ್ಲ, ಅದನ್ನೇ ಗುಣ ಎಂದು ಮಾರುತ್ತಾರೆ. ಅದು ರೋಗದ ಲಕ್ಷಣ.

ಇದನ್ನು ನಾನು ಓದಿ ಕಲಿತದ್ದಲ್ಲ. ಹತ್ತು ವರ್ಷದ ಹಿಂದೆ ನಾನೂ ಅಂಥದ್ದೇ ಡಬಲ್ ಸಸ್ಪೆನ್ಶನ್ ಸೈಕಲ್ ತಂದಿದ್ದೆ. ಕಂಪನಿಯ ಹೆಸರು ಬೇಡ, ಹೆಸರು ಯಾವುದಾದರೂ ಒಳಗಿನ ಸ್ಪ್ರಿಂಗು ಒಂದೇ. ಏರಿನಲ್ಲಿ ಪ್ರತಿ ಪೆಡಲಿಗೂ ಸೈಕಲ್ಲು ಒಂಟೆಯ ಹಾಗೆ ತೂಗುತ್ತಿತ್ತು. ನನ್ನ ತುಳಿತದ ಒಂದು ಪಾಲು ಗಾಲಿಗೆ, ಇನ್ನೊಂದು ಪಾಲು ಸ್ಪ್ರಿಂಗಿಗೆ. ಮೂರನೆಯ ತಿಂಗಳು ಒಂದು ಇಳಿಜಾರಿನಲ್ಲಿ, ಮಳೆನೀರು ಕೊರೆದ ಅಡ್ಡಗೀರುಗಳ ಮೇಲೆ ಹೋಗುವಾಗ ಮುಂದಿನ ಗಾಲಿ ಒಂದು ಸಲ ಎದ್ದಿತು. ಕೆಳಗೆ ಬರುವಷ್ಟರಲ್ಲಿ ಇನ್ನೊಂದು ಗೀರು. ಮತ್ತೆ ಎದ್ದಿತು. ಮೂರನೆಯದಕ್ಕೆ ಹ್ಯಾಂಡಲ್ ತಿರುಗಿತ್ತು. ಬ್ರೇಕು ಒತ್ತಿದೆ, ಲಿವರ್ ಹ್ಯಾಂಡಲ್ಲಿಗೆ ತಾಗಿತೇ ಹೊರತು ಗಾಲಿ ನಿಲ್ಲಲಿಲ್ಲ. ಭುಜದ ಮುಂದಿನ ಮೂಳೆ ಮುರಿಯಿತು. ಆರು ವಾರ ಜೋಳಿಗೆಯಲ್ಲಿ ಕೈ. ನನ್ನ ತಪ್ಪೂ ಇದ್ದೀತು, ನಾನೇನು ಪಳಗಿದ ಸವಾರನಾಗಿರಲಿಲ್ಲ. ಆದರೆ ಪಳಗದವನಿಗೇ ತಾನೇ ಅದನ್ನು ‘ಸೇಫ್ಟಿ’ ಎಂದು ಮಾರಿದ್ದು?

‘ಶಾಕ್ ಇಲ್ಲದೆ ಅದು ಎಂಥ ಬೆಟ್ಟದ ಸೈಕಲ್ಲು?’ ಎಂದು ಕೇಳುವವರು ಈ ಸೈಕಲ್ಲಿನ ಹುಟ್ಟನ್ನೊಮ್ಮೆ ನೋಡಬೇಕು. ಎಪ್ಪತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಒಂದಷ್ಟು ಜನ ಮೂವತ್ತು, ನಲವತ್ತರ ದಶಕದ ದಪ್ಪ ಟೈರಿನ ಹಳೆಯ ಶ್ವಿನ್ ಸೈಕಲ್ಲುಗಳನ್ನು ಹುಡುಕಿ ತಂದು, ಮಡ್‌ಗಾರ್ಡು ಬಿಚ್ಚಿ ಎಸೆದು, ಮೌಂಟ್ ಟಮಲ್‌ಪೈಸ್ ಸುತ್ತಿನ ಮಣ್ಣುದಾರಿಗಳಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಪಂದ್ಯವನ್ನೇ ಶುರುಮಾಡಿದರು. ಸುಮಾರು 2 ಮೈಲಿ ದಾರಿ, 1300 ಅಡಿ ಇಳಿತ. ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ಬಂದಮೇಲೆ ಮತ್ತೆ ಗ್ರೀಸು ತುಂಬಬೇಕು. ಆ ಮತ್ತೆ ತುಂಬುವ ಕೆಲಸದಿಂದಲೇ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂತು.

ಅವರು ಆ ಹಳೆಯ ಸೈಕಲ್ಲುಗಳಿಗೆ ಒಂದೊಂದಾಗಿ ಏನು ಸೇರಿಸಿದರು ಎನ್ನುವುದನ್ನು ಗಮನಿಸಿ. ದಪ್ಪ ಟೈರು ಮೊದಲೇ ಇತ್ತು. ಆಮೇಲೆ ಒಳ್ಳೆಯ ಬ್ರೇಕು, ಅದಕ್ಕೆ ಮೋಟರ್‌ಸೈಕಲ್ಲಿನ ಲಿವರು. ಆಮೇಲೆ ಏರು ಹತ್ತಲು ಗೇರು. ಆಮೇಲೆ ಗಟ್ಟಿ ಫ್ರೇಮು. ಜೋ ಬ್ರೀಜ್ 1977ರಲ್ಲಿ ಈ ಕೆಲಸಕ್ಕೆಂದೇ ಹೊಸದಾಗಿ ಫ್ರೇಮು ಕಟ್ಟಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದಾಗ ಬೆಟ್ಟದ ಸೈಕಲ್ಲು ಕಾರ್ಖಾನೆಯ ಸರಕಾಯಿತು. ಬ್ರೀಜ್ ಕಟ್ಟಿದ್ದರಲ್ಲಾಗಲಿ ಸ್ಟಂಪ್‌ಜಂಪರಿನಲ್ಲಾಗಲಿ ಶಾಕ್ ಇರಲಿಲ್ಲ. ರಾಕ್‌ಶಾಕ್ಸ್‌ನ ಮೊದಲ ಫೋರ್ಕು ಬಂದದ್ದು ಎಂಬತ್ತರ ದಶಕ ಮುಗಿಯುವ ಹೊತ್ತಿಗೆ. ಟೈರು, ಬ್ರೇಕು, ಗೇರು, ಫ್ರೇಮು, ಕೊನೆಗೆ ಶಾಕ್. ಬೆಟ್ಟ ಇಳಿದು ಮೈಕೈ ತರಚಿಕೊಂಡವರು ಕಂಡುಕೊಂಡ ಕ್ರಮ ಇದು. ನಮ್ಮ ಅಂಗಡಿಗಳು ಇದನ್ನೇ ತಲೆಕೆಳಗು ಮಾಡಿ ಮಾರುತ್ತಿವೆ.

ಹಾಗಾದರೆ ಮೆತ್ತನೆಯ ಸವಾರಿ ಎಲ್ಲಿಂದ ಬರಬೇಕು? ಟೈರಿನಿಂದ. ಎರಡೂಕಾಲು ಇಂಚು ಅಗಲದ, ಒಳ್ಳೆಯ ರಬ್ಬರಿನ, ಎತ್ತರದ ಗುಬುಟುಗಳಿರುವ ಎರಡು ಟೈರು ಹಾಕಿ, ಗಾಳಿಯನ್ನು ಅಳತೆಯಲ್ಲಿಡಿ. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಹೆಬ್ಬೆರಳು ಒತ್ತಿದರೆ ಒಂದಿಷ್ಟೂ ಬಗ್ಗದ ಹಾಗೆ ಗಾಳಿ ಹೊಡೆಯುವುದು ರೂಢಿ. ಡಾಂಬರಿಗೆ ಅದು ಸರಿ, ಕಲ್ಲುದಾರಿಯಲ್ಲಿ ಅದೇ ಶಿಕ್ಷೆ. ಎಪ್ಪತ್ತು ಕೆಜಿಯ ಸವಾರನಿಗೆ ಇಂಥ ಟೈರಿನಲ್ಲಿ, ಟ್ಯೂಬು ಇದ್ದರೂ, 30 ಪಿಎಸ್‌ಐ ಆಸುಪಾಸು ಸಾಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಕನಿಷ್ಠಕ್ಕಿಂತ ಕೆಳಗೆ ಹೋಗಬಾರದು. ಹೋದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ಟೈರು ಹೊಡೆತವನ್ನು ನುಂಗುತ್ತದೆ, ಹಿಡಿತವನ್ನೂ ಕೊಡುತ್ತದೆ. ಎರಡೂವರೆ ಕೆಜಿ ತೂಗುವ ಅಗ್ಗದ ಸ್ಪ್ರಿಂಗ್ ಫೋರ್ಕು ಮಾಡಲಾಗದ ಕೆಲಸವನ್ನು ಸರಿಯಾದ ಗಾಳಿ ಬಿಟ್ಟಿಯಾಗಿ ಮಾಡುತ್ತದೆ. ಉಕ್ಕಿನ ಗಟ್ಟಿ ಫೋರ್ಕು ಅದರ ಅರ್ಧದಷ್ಟು ತೂಗುತ್ತದೆ. ಅದರಲ್ಲಿ ಸವೆಯುವಂಥದ್ದು, ಸೋರುವಂಥದ್ದು ಏನೂ ಇಲ್ಲ.

ದಪ್ಪ ಟೈರು ಎಂದೊಡನೆ ಕೆಲವರು ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ. ನಾಲ್ಕಿಂಚು ಅಗಲದ, ಟ್ರ್ಯಾಕ್ಟರಿನ ತಮ್ಮನ ಹಾಗೆ ಕಾಣುವ ‘ಫ್ಯಾಟ್ ಬೈಕ್’. ಅದನ್ನು ಕಂಡುಹಿಡಿದದ್ದು ಹಿಮ ಮತ್ತು ಮರಳಿನ ಮೇಲೆ ಹೂತುಕೊಳ್ಳದೆ ಹೋಗಲಿ ಎಂದು. ಮಾಗಡಿಯಲ್ಲಿ ಹಿಮ ಬೀಳುವುದಿಲ್ಲ. ಅಗ್ಗದ ಮಾದರಿಗಳು ಹದಿನೆಂಟು, ಇಪ್ಪತ್ತು ಕೆಜಿ ತೂಗುತ್ತವೆ. ಹುಡುಗರು ಅದನ್ನು ಊರೊಳಗೆ ಒಂದು ಸುತ್ತು ಹೊಡೆದು ಫೋಟೋ ತೆಗೆಸಿಕೊಳ್ಳುತ್ತಾರೆ. ಮೊದಲ ಏರಿನಲ್ಲೇ ಇಳಿದು ತಳ್ಳುತ್ತಾರೆ.

ಗೇರಿನ ಲೆಕ್ಕವೂ ಹೀಗೇ. ಇಪ್ಪತ್ತೊಂದು ಎನ್ನುವುದು ಮುಂದೆ ಮೂರು, ಹಿಂದೆ ಏಳು, ಗುಣಿಸಿ ಬಂದ ಸಂಖ್ಯೆ. ಅದರಲ್ಲಿ ಎಷ್ಟೋ ಜೋಡಿಗಳು ಒಂದೇ ಭಾರಕ್ಕೆ ಬರುತ್ತವೆ, ಕೆಲವನ್ನು ಬಳಸಿದರೆ ಚೈನು ಓರೆಯಾಗಿ ಕಿರುಗುಡುತ್ತದೆ. ಕೇಳಬೇಕಾದ ಪ್ರಶ್ನೆ ಎಷ್ಟು ಗೇರು ಎನ್ನುವುದಲ್ಲ, ಅತಿ ಹಗುರದ ಗೇರು ಎಷ್ಟು ಹಗುರ ಎನ್ನುವುದು. ಮುಂದಿನ ಚಿಕ್ಕ ಚಕ್ರಕ್ಕಿಂತ ಹಿಂದಿನ ದೊಡ್ಡ ಚಕ್ರಕ್ಕೆ ಹಲ್ಲು ಹೆಚ್ಚಿರಬೇಕು. ಮುಂದೆ 32, ಹಿಂದೆ 36 ಇದ್ದರೆ ಕುಳಿತೇ ಏರು ಹತ್ತಬಹುದು. ಮುಂದೆ ಒಂದೇ ಚಕ್ರ, ಹಿಂದೆ ಎಂಟೋ ಒಂಬತ್ತೋ ಇರುವ ಸೈಕಲ್ಲು ಸಿಕ್ಕರೆ ಇನ್ನೂ ಒಳ್ಳೆಯದು; ಕೆಡುವ ಭಾಗಗಳು ಅಷ್ಟು ಕಡಿಮೆ. ಎಂಟು, ಒಂಬತ್ತರ ಕ್ಯಾಸೆಟ್ ಹಬ್ಬಿಗೆ ಇನ್ನೊಂದು ಲಾಭವಿದೆ. ಬಲಗಡೆಯ ಬೇರಿಂಗು ಆಕ್ಸಲಿನ ತುದಿಯ ಹತ್ತಿರ ಕೂರುತ್ತದೆ. ಏಳು ಚಕ್ರದ ಹಳೆಯ ಥರದ ತಿರುಪಿನ ಫ್ರೀವೀಲಿನಲ್ಲಿ ಬೇರಿಂಗು ಒಳಗಡೆ ಇದ್ದು, ಆಕ್ಸಲಿನ ತುದಿ ಆಧಾರವಿಲ್ಲದೆ ಚಾಚಿಕೊಂಡಿರುತ್ತದೆ. ನಾಲ್ಕು ಸಲ ಗುಂಡಿ ಹಾರಿಸಿದರೆ ಅದು ಬಾಗುತ್ತದೆ.

ಬ್ರೇಕಿನ ವಿಷಯದಲ್ಲಿ ‘ಡಿಸ್ಕ್’ ಎಂಬ ಒಂದೇ ಮಾತಿಗೆ ಮರುಳಾಗಬಾರದು. ಅಗ್ಗದ ಕೇಬಲ್ ಡಿಸ್ಕಿಗಿಂತ ಒಳ್ಳೆಯ ವಿ-ಬ್ರೇಕು ಎಷ್ಟೋ ಮೇಲು. ಕೆಸರಿನಲ್ಲಿ ರಿಮ್ಮು ಜಾರುತ್ತದೆ, ಡಿಸ್ಕು ಅಷ್ಟು ಜಾರುವುದಿಲ್ಲ ಎನ್ನುವುದು ನಿಜ. ಆದ್ದರಿಂದ ಶಾಕಿನಲ್ಲಿ ಉಳಿಸಿದ ದುಡ್ಡಿಗೆ ಎಣ್ಣೆಯ ಡಿಸ್ಕ್ ಬ್ರೇಕು ಸಿಗುವುದಾದರೆ ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳಿ. ಒಂದು ಬೆರಳಿನಲ್ಲಿ ಒತ್ತಿದರೆ ಗಾಲಿ ನಿಲ್ಲಬೇಕು. ಮಿಕ್ಕ ಬೆರಳು ಹ್ಯಾಂಡಲ್ ಹಿಡಿದಿರಬೇಕು. ಮಜಾ ಎನ್ನುವುದು ಅಲ್ಲಿಂದ ಶುರುವಾಗುತ್ತದೆ. ನಿಲ್ಲಬಲ್ಲೆ ಎನ್ನುವ ಧೈರ್ಯವಿದ್ದವನು ಮಾತ್ರ ಬಿಡಬಲ್ಲ.

ಇವೆಲ್ಲಕ್ಕಿಂತ ಮೊದಲು ಅಳತೆ. ಅಂಗಡಿಯಲ್ಲಿ ಯಾವ ಅಳತೆ ಉಳಿದಿದೆಯೋ ಅದನ್ನೇ ‘ಸೀಟು ಎತ್ತಿದ್ರೆ ಆಯ್ತು ಸರ್’ ಎಂದು ಕೊಡುತ್ತಾರೆ. ಆಗುವುದಿಲ್ಲ. ಎರಡು ಕಾಲನ್ನೂ ನೆಲಕ್ಕೂರಿ ಮೇಲಿನ ಕೊಳವೆಯ ಆಚೀಚೆ ನಿಂತಾಗ ನಡುವೆ ಎರಡಿಂಚಾದರೂ ಬಿಡುವಿರಬೇಕು. ಜಾರಿ ಮುಂದಕ್ಕೆ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ. ಹ್ಯಾಂಡಲ್ ಅಗಲವಿರಬೇಕು, ಅದನ್ನು ಹಿಡಿದಿರುವ ಸ್ಟೆಮ್ಮು ಗಿಡ್ಡವಿರಬೇಕು. ಇಳಿಜಾರು ಬಂದಾಗ ಸೀಟನ್ನು ಇಳಿಸಿಕೊಂಡರೆ ಮೈ ಹಿಂದಕ್ಕೆ ಸರಿಯಲು ಜಾಗವಾಗುತ್ತದೆ. ಸೀಟಿನ ಕೆಳಗಿನ ಕ್ಲಾಂಪು ತೆಗೆಯುವುದಕ್ಕೆ ದುಡ್ಡು ಬೇಡ. ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತ ನಮ್ಮ ತಲೆಮಾರಿಗೆ, ಸಿಕ್ಕಿದ ಸೈಕಲ್ಲಿಗೆ ಮೈಯನ್ನು ಹೊಂದಿಸಿಕೊಳ್ಳುವುದೇ ಅಭ್ಯಾಸ. ಆ ಅಭ್ಯಾಸವನ್ನು ಮಕ್ಕಳಿಗೆ ಆಸ್ತಿಯಾಗಿ ಕೊಡುವ ಅಗತ್ಯವಿಲ್ಲ.

ಅಂಗಡಿಯವರನ್ನು ಮಾತ್ರ ಬೈದರೆ ಅನ್ಯಾಯವಾಗುತ್ತದೆ. ಇನ್ನೊಂದು ಕಡೆ ಪಂಡಿತರಿದ್ದಾರೆ. ತುರಹಳ್ಳಿ ಕಾಡಿನ ಅಂಚಿನಲ್ಲಿ ಭಾನುವಾರ ಬೆಳಿಗ್ಗೆ ಕಾರಿನ ಹಿಂದಿನಿಂದ ಸೈಕಲ್ಲು ಇಳಿಸುವವರು. ಅವರಲ್ಲಿ ಒಬ್ಬರನ್ನು ನನ್ನ ಅಳಿಯನ ವಿಷಯವಾಗಿ ಕೇಳಿದೆ. ‘ಇಪ್ಪತ್ತು ಸಾವಿರಕ್ಕೆ ಎಂಟಿಬಿನಾ? ಇನ್ನೊಂದು ವರ್ಷ ಕಾಯೋಕೆ ಹೇಳಿ. ಅರವತ್ತು ಆದ್ರೂ ಹಾಕಬೇಕು’ ಅಂದರು. ಅವರ ಫೋರ್ಕು ಅದ್ಭುತವಾದದ್ದು, ಸುಳ್ಳಲ್ಲ. ಗಾಳಿಯ ಸ್ಪ್ರಿಂಗು, ಎಣ್ಣೆಯ ಹಿಡಿತ, ಕಲ್ಲಿನ ಮೇಲೆ ಬೆಣ್ಣೆಯ ಹಾಗೆ ಜಾರುತ್ತದೆ. ಅಂಥ ಒಂದು ಫೋರ್ಕೇ ಹುಡುಗನ ಇಡೀ ಬಜೆಟ್ಟನ್ನು ನುಂಗಬಲ್ಲದು. ಆದರೆ ‘ಕಾಯಿ’ ಎನ್ನುವುದು ಉಪದೇಶವಲ್ಲ, ಬಾಗಿಲು ಹಾಕುವುದು. ಹದಿನೆಂಟರ ಹುಡುಗನಿಗೆ ಬೆಟ್ಟ ಹತ್ತುವ ಹುಚ್ಚು ಒಂದು ವರ್ಷ ಕಾಯುವುದಿಲ್ಲ. ಭಾವನ ದುಡ್ಡೂ ಕಾಯುವುದಿಲ್ಲ. ಮಳೆ ಬಂದರೆ ಅದು ಹೆಂಚಿಗೆ ಹೋಗುತ್ತದೆ.

ನಿಜ ಹೇಳಬೇಕೆಂದರೆ ಅಂಗಡಿಯವರೂ ಪಂಡಿತರೂ ಹೇಳುವುದು ಒಂದೇ ಮಾತು: ಮಜಾ ಶಾಕಿನಲ್ಲಿದೆ. ಒಬ್ಬರು ಅದರ ವೇಷವನ್ನು ಮಾರುತ್ತಾರೆ, ಇನ್ನೊಬ್ಬರು ಅಸಲಿಯನ್ನು ತೋರಿಸಿ ನಿನಗಲ್ಲ ಅನ್ನುತ್ತಾರೆ. ಇಬ್ಬರ ನಡುವೆ ಸಿಕ್ಕಿಕೊಳ್ಳುವುದು ಒಂದೇ ಸಲ ಕೊಳ್ಳಲು ಆಗುವ ಮನೆ. ದುಡ್ಡಿದ್ದವನು ತಪ್ಪು ಸೈಕಲ್ಲು ಕೊಂಡರೆ ಅದು ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಹೋಗುತ್ತದೆ, ಅವನು ಇನ್ನೊಂದು ಕೊಳ್ಳುತ್ತಾನೆ. ಭಾವ ತಪ್ಪು ಸೈಕಲ್ಲು ಕೊಂಡರೆ ಹುಡುಗ ಮೂರು ತಿಂಗಳಿಗೆ ಕೈಬಿಡುತ್ತಾನೆ. ಆಗ ಮನೆಯಲ್ಲಿ ಹೇಳುವ ಮಾತು ಗೊತ್ತೇ ಇದೆ: ‘ದುಡ್ಡು ದಂಡ. ಇವನಿಗೆ ಯಾವುದರ ಮೇಲೂ ಆಸಕ್ತಿ ಇಲ್ಲ, ಮೊಬೈಲೊಂದು ಸಾಕು.’ ಸೈಕಲ್ಲಿನ ತಪ್ಪನ್ನು ಹುಡುಗ ಹೊರುತ್ತಾನೆ. ಮಜಾಕ್ಕೆಂದು ಆ ಮನೆಯಲ್ಲಿ ಎರಡನೆಯ ಸಲ ದುಡ್ಡು ಎತ್ತಿಡುವುದಿಲ್ಲ. ನನ್ನ ಸಿಟ್ಟೆಲ್ಲ ಇರುವುದು ಇಲ್ಲಿ.

ಆ ನೆಲಮಾಳಿಗೆಯ ಮಾತು ಬಂತಲ್ಲ, ದಾರಿಯೂ ಅಲ್ಲೇ ಇದೆ. 2020ರ ಲಾಕ್‌ಡೌನಿನಲ್ಲಿ ಜಿಮ್ಮುಗಳು ಮುಚ್ಚಿದಾಗ ಬೆಂಗಳೂರಿನಲ್ಲಿ ಜನ ಮುಗಿಬಿದ್ದು ಸೈಕಲ್ಲು ಕೊಂಡರು. ಅದರಲ್ಲಿ ಎಷ್ಟೋ ಇವತ್ತು ಗಾಳಿಯಿಳಿದ ಟೈರಿನ ಮೇಲೆ, ಒಂದಿಂಚು ಧೂಳು ಹೊದ್ದು ಪಾರ್ಕಿಂಗಿನ ಮೂಲೆಯಲ್ಲಿ ನಿಂತಿವೆ. ಒಳ್ಳೆಯ ಫ್ರೇಮು, ಒಳ್ಳೆಯ ಬ್ರೇಕು, ಹೆಚ್ಚೆಂದರೆ ಇನ್ನೂರು ಕಿಲೋಮೀಟರು ಓಡಿದಂಥವು. ಕೊಳ್ಳುವಾಗ ಬಿಲ್ಲನ್ನು ಕೇಳಿ, ಫ್ರೇಮಿನ ನಂಬರು ತಾಳೆ ನೋಡಿ. ಬೆಸುಗೆಯ ಹತ್ತಿರ ಕೂದಲೆಳೆಯ ಬಿರುಕಿದೆಯೇ ನೋಡಿ. ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಗಾಲಿಯನ್ನು ಎತ್ತಿ ತಿರುಗಿಸಿ. ಸ್ವಲ್ಪ ಬೆಂಡಿದ್ದರೆ ತೆಗೆಸಬಹುದು, ರಿಮ್ಮು ನಗ್ಗಿದ್ದರೆ ಬೆಲೆ ಇಳಿಸಿ. ಮುಂದಿನ ಬ್ರೇಕು ಒತ್ತಿ ಹಿಡಿದು ಹ್ಯಾಂಡಲನ್ನು ಹಿಂದೆ ಮುಂದೆ ತಳ್ಳಿ, ಪೆಡಲಿನ ತೋಳನ್ನು ಅಡ್ಡಕ್ಕೆ ಅಲುಗಿಸಿ. ಲೊಟಗುಟ್ಟಿದರೆ ಓವರಾಯಿಲಿಂಗ್ ಖರ್ಚನ್ನು ಲೆಕ್ಕಕ್ಕೆ ಸೇರಿಸಿ.

ನಾವು ಎರಡು ವಾರ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಬೂದು ಬಣ್ಣದ, ಸ್ಟಿಕ್ಕರಿಲ್ಲದ ಒಂದು ಸೈಕಲ್ಲು. ಅಲ್ಯೂಮಿನಿಯಂ ಫ್ರೇಮು, ಗಟ್ಟಿ ಫೋರ್ಕು, ಎಣ್ಣೆಯ ಬ್ರೇಕು, ಮುಂದೆ ಒಂದು ಹಿಂದೆ ಒಂಬತ್ತು. ಹದಿಮೂರೂವರೆ ಸಾವಿರ. ಹೊಸ ಟೈರು ಎರಡಕ್ಕೆ ಎರಡು ಸಾವಿರದ ಎಂಟುನೂರು, ಬ್ರೇಕ್ ಪ್ಯಾಡಿಗೆ ನಾನೂರು, ಹೆಲ್ಮೆಟ್ಟಿಗೆ ಸಾವಿರದ ನಾನೂರು, ಪಂಪು ಮತ್ತು ಪಂಕ್ಚರ್ ಕಿಟ್ಟಿಗೆ ಆರುನೂರು, ಓವರಾಯಿಲಿಂಗಿಗೆ ಎಂಟುನೂರು. ಭಾವನ ಇಪ್ಪತ್ತು ಸಾವಿರದಲ್ಲಿ ಐನೂರು ಉಳಿಯಿತು. ಹುಡುಗ ಮಾತ್ರ ಒಂದು ದಿನ ಮುಖ ಊದಿಸಿಕೊಂಡಿದ್ದ. ‘ಮಾಮ, ಫ್ರೆಂಡ್ಸು ನೋಡಿದ್ರೆ ಹಳೇ ರೇಂಜರ್ ಸೈಕಲ್ ಅಂತಾರೆ’ ಅಂದ. ಆ ನೋವು ಸಣ್ಣದಲ್ಲ, ಆ ವಯಸ್ಸಿನಲ್ಲಿ ನಾನೂ ಬೆಂಕಿಯ ಸ್ಟಿಕ್ಕರನ್ನೇ ಆರಿಸುತ್ತಿದ್ದೆ. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಉತ್ತರ ದಾರಿಯ ಹತ್ತಿರ ಇತ್ತು.

ಕಳೆದ ಭಾನುವಾರ ಇಬ್ಬರೂ ಸಾವನದುರ್ಗದ ಕಡೆ ಹೋಗಿದ್ದೆವು. ಅವನ ಜೊತೆ ಅವನ ಗೆಳೆಯನೂ ಬಂದಿದ್ದ, ಅಂಗಡಿಯಲ್ಲಿ ನಾವು ಬೇಡವೆಂದಂಥದ್ದೇ ಡಬಲ್ ಸ್ಪ್ರಿಂಗಿನ ಸೈಕಲ್ಲಿನಲ್ಲಿ. ಮೊದಲ ಏರಿನ ಅರ್ಧದಲ್ಲಿ ಗೆಳೆಯ ಇಳಿದು ತಳ್ಳತೊಡಗಿದ. ಅಳಿಯ ಕುಳಿತೇ ಹತ್ತಿ ಮೇಲೆ ನಿಂತು ಕಾದ. ಇಳಿಜಾರಿನಲ್ಲಿ ಕೈ ಅದುರಿತು ಅಂದ. ಅದುರುತ್ತದೆ, ಸುಳ್ಳು ಹೇಳುವುದಿಲ್ಲ. ಟೈರಿನಿಂದ ಒಂದಿಷ್ಟು ಗಾಳಿ ಬಿಟ್ಟು ಇನ್ನೊಂದು ಸಲ ಹೋಗು ಅಂದೆ. ಹೋದ. ಆಮೇಲೆ ಇನ್ನೊಂದು ಸಲ, ನಾನು ಹೇಳದೆಯೇ.

ವಾಪಸು ಬರುವಾಗ ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿ ಅವನ ಹಿಂದಿನ ಟೈರು ಕೂತಿತು. ದಾರಿಬದಿಯಲ್ಲಿ ಕೂತು ಅವನೇ ಟ್ಯೂಬು ತೆಗೆದು, ತೂತು ಹುಡುಕಿ, ಪ್ಯಾಚು ಹಾಕಿದ. ಅರ್ಧ ಗಂಟೆ ಹಿಡಿಯಿತು. ಗೆಳೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದವನು ಕೇಳಿದ: ‘ಅಂಕಲ್, ನನ್ನ ಸೈಕಲ್ಲಿಗೆ ಈ ಥರ ಗಟ್ಟಿ ಫೋರ್ಕು ಹಾಕಿಸೋಕೆ ಆಗುತ್ತಾ?’